ಈ ಬಾಗಿಲು ಎಷ್ಟು ಅಗಲ, ಸರ್?

ಬಲದ ತಿರುಗಿಸುವ ಪರಿಣಾಮವನ್ನು, ಅಂದರೆ ಭ್ರಾಮಕವನ್ನು ಕಲಿಸುವ ವಿಜ್ಞಾನ ಶಿಕ್ಷಕರಿಗೆಲ್ಲ ಒಂದು ಸಿದ್ಧ ಉದಾಹರಣೆಯಿದೆ. ಅದು ಬಾಗಿಲು. ಬಿಜಾಗರಿಯ ಹತ್ತಿರ ಕೈಯಿಟ್ಟು ತಳ್ಳಿದರೆ ಕದ ಅಲುಗುವುದೇ ಕಷ್ಟ. ಅಂಚಿನಲ್ಲಿ ತಳ್ಳಿದರೆ ಒಂದು ಬೆರಳು ಸಾಕು. ನಾನೂ ವರ್ಷ ವರ್ಷ ಇದನ್ನೇ ಹೇಳಿ, ತರಗತಿಯ ಕದವನ್ನು ತಳ್ಳಿ ತೋರಿಸಿ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ ಕೇಳಿ ಮುಗಿಸುತ್ತಿದ್ದೆ. ಆದರೆ ಆ ಬಾಗಿಲು ಎಷ್ಟು ಅಗಲವಿದೆ ಎಂದು ಒಮ್ಮೆಯೂ ಅಳೆದಿರಲಿಲ್ಲ. ಅಳೆಯುವಂತೆ ಮಾಡಿದವಳು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ.

ಕೆಲವು ವರ್ಷಗಳ ಹಿಂದಿನ ಮಾತು. ಶಿರಸಿ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದೆ. ಅಂದು ಪಾಲಕರ ಸಭೆ. ಅವಳ ತಂದೆ ಕೊನೆಗೌಡ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ಹೋಗುವ ಕಸುಬುದಾರರನ್ನು ಹೀಗೆ ಕರೆಯುತ್ತಾರೆ. ಸುಗ್ಗಿಯ ಕಾಲದಲ್ಲಿ ಅವರಿಲ್ಲದೆ ತೋಟದ ಕೆಲಸ ನಡೆಯದು. ಎರಡು ವರ್ಷ ಮೊದಲು ಅವರು ಮರದಿಂದ ಬಿದ್ದಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅಂದು ತಮ್ಮನೊಬ್ಬನ ಆಟೋದಲ್ಲಿ, ಗಾಲಿಕುರ್ಚಿಯನ್ನೂ ಕಟ್ಟಿಕೊಂಡು ಶಾಲೆಗೆ ಬಂದಿದ್ದರು.

ನಮ್ಮ ಶಾಲೆಯ ಜಗುಲಿ ಗುಡ್ಡದ ಕಡೆಯಲ್ಲಿ ನೆಲಕ್ಕೆ ಸಮನಾಗಿದೆ. ಅಲ್ಲಿಂದ ಗಾಲಿಕುರ್ಚಿ ಸಲೀಸಾಗಿ ಜಗುಲಿಗೆ ಬಂತು. ಸಭೆಯ ಕೋಣೆಯ ಬಾಗಿಲವರೆಗೂ ಬಂತು. ಅಲ್ಲಿಗೆ ನಿಂತಿತು.

ಹಾಜರಿ ಪುಸ್ತಕದಲ್ಲಿ ಅವರ ಸಹಿ ಇಲ್ಲದ್ದನ್ನು ನೋಡಿ ನಾನು ಹುಡುಗಿಯನ್ನು ಕೇಳಿದೆ.

“ಅಪ್ಪ ಹೊರಗೇ ಕೂತಾನೆ ಸರ್. ಗಾಡಿ ಒಳಗೆ ಹಿಡಿಯೂದಿಲ್ಲ” ಎಂದಳು. ಪುಸ್ತಕವನ್ನು ತೆಗೆದುಕೊಂಡು ಹೋಗಿ, ಸಹಿ ಮಾಡಿಸಿ ತಂದಳು. ಎತ್ತಿ ಒಳಗೆ ಕೂರಿಸೋಣವೇ ಎಂದು ನಾವು ನಾಲ್ಕು ಜನ ಹೊರಗೆ ಹೋದೆವು. ಅವರು ಕೈ ಅಡ್ಡ ಮಾಡಿ, “ಬ್ಯಾಡ ಮಾಸ್ತರೆ, ಇಲ್ಲೇ ಕೇಳತದೆ” ಎಂದರು. ಅರವತ್ತು ಅಡಿ ಎತ್ತರದ ಮರಗಳ ಮೇಲೆ ಓಡಾಡಿದ ಮನುಷ್ಯನಿಗೆ ಊರವರ ಎದುರು ಮೂಟೆಯಂತೆ ಎತ್ತಿಸಿಕೊಳ್ಳುವುದು ಹೇಗಿರುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಸಭೆ ಒಳಗೆ ನಡೆಯಿತು, ಅವರು ಹೊರಗೆ ಉಳಿದರು.

ಮಾರನೆಯ ದಿನ ಭ್ರಾಮಕದ ಪಾಠ. ನಾನು ಎಂದಿನಂತೆ ಕದ ತಳ್ಳಿ ತೋರಿಸುತ್ತಿದ್ದಾಗ ಆ ಹುಡುಗಿ ಎದ್ದು ನಿಂತಳು. “ಈ ಬಾಗಿಲು ಎಷ್ಟು ಅಗಲ, ಸರ್?”

ಉತ್ತರ ನನಗೆ ಗೊತ್ತಿರಲಿಲ್ಲ.

ಟೇಪು ಹಿಡಿದ ತರಗತಿ

ಆ ವಾರ ನಾವು ಪಠ್ಯಪುಸ್ತಕ ಮುಚ್ಚಿಟ್ಟು ಟೇಪು ಹಿಡಿದೆವು. ಮೊದಲು ಗಾಲಿಕುರ್ಚಿಯ ಅಳತೆ. ಹುಡುಗಿ ಮನೆಯಿಂದ ಬರೆದು ತಂದಳು: ಒಂದು ಕಡೆಯ ಚಕ್ರದ ಹೊರಬಳೆಯಿಂದ ಇನ್ನೊಂದು ಕಡೆಯ ಹೊರಬಳೆಯವರೆಗೆ 65 ಸೆಂಟಿಮೀಟರ್. ಅಷ್ಟೇ ಸಾಲದು. ಕುರ್ಚಿಯನ್ನು ತಾವೇ ನಡೆಸುವವರ ಕೈ ಹೊರಬಳೆಯ ಮೇಲಿರುತ್ತದೆ. ಬೆರಳ ಗೆಣ್ಣು ಚೌಕಟ್ಟಿಗೆ ತಾಗಿ ತರಚಬಾರದೆಂದರೆ ಎರಡೂ ಕಡೆ ಜಾಗ ಬೇಕು. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ಸುಗಮ ಕಟ್ಟಡಗಳ ಮಾರ್ಗಸೂಚಿ ಕನಿಷ್ಠ 900 ಮಿಲಿಮೀಟರ್, ಅಂದರೆ 90 ಸೆಂಟಿಮೀಟರ್ ತೆರಪು ಇರಬೇಕೆನ್ನುವುದು ಇದಕ್ಕಾಗಿಯೇ.

ತೆರಪು ಎಂಬ ಮಾತನ್ನು ಗಮನಿಸಿ. ಬಡಗಿ ಹೇಳುವ ಬಾಗಿಲ ಅಳತೆ ಬೇರೆ, ನಮಗೆ ಸಿಗುವ ತೆರಪು ಬೇರೆ. ಎರಡೂವರೆ ಅಡಿ ಚೌಕಟ್ಟು ಎಂದರೆ 76 ಸೆಂಟಿಮೀಟರ್. ಕದವನ್ನು ನೇರ ಕೋನಕ್ಕೆ ತೆರೆದು ನಿಲ್ಲಿಸಿದರೆ ಕದದ ದಪ್ಪ ಮೂರು ನಾಲ್ಕು ಸೆಂಟಿಮೀಟರ್ ಆ ದಾರಿಯಲ್ಲೇ ನಿಂತಿರುತ್ತದೆ. ಕದದ ಹಿಂದೆ ಕಪಾಟು, ಬೆಂಚು, ಕಸಬರಿಗೆ ಇದ್ದು ಅದು ಅರ್ಧಕ್ಕೇ ನಿಂತರೆ ಇನ್ನಷ್ಟು ಹೋಯಿತು. ಆದ್ದರಿಂದ ಕದ ಎಷ್ಟು ತೆರೆಯುತ್ತದೋ ಅಷ್ಟು ತೆರೆದು, ಕದದ ಮೈಯಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಬೇಕು.

ಸಭೆಯ ಕೋಣೆಯ ಬಾಗಿಲಿಗೆ ಬಂದೆವು. ಚೌಕಟ್ಟಿನ ಒಳಗೆ ಮೂರು ಅಡಿ, ಅಂದರೆ 91 ಸೆಂಟಿಮೀಟರ್! ಮಕ್ಕಳು ನನ್ನ ಮುಖ ನೋಡಿದರು, ನಾನು ಬಾಗಿಲನ್ನು ನೋಡಿದೆ. ಅದು ಎರಡು ಕದದ ಬಾಗಿಲು. ಒಂದೊಂದು ಕದ ಒಂದೂವರೆ ಅಡಿ. ಎಡಗಡೆಯ ಕದ ತೆರೆದದ್ದನ್ನು ನಾನು ಆ ಶಾಲೆಗೆ ಬಂದಾಗಿನಿಂದ ಕಂಡಿರಲಿಲ್ಲ. ಮೇಲಿನ ಚಿಲಕ ತುಕ್ಕು ಹಿಡಿದು ಗಟ್ಟಿಯಾಗಿತ್ತು. ನಾವೆಲ್ಲ ದಿನವೂ 45 ಸೆಂಟಿಮೀಟರಿನ ಸಂದಿಯಲ್ಲಿ ಮೈ ಸ್ವಲ್ಪ ಓರೆ ಮಾಡಿಕೊಂಡು ಹೋಗಿ ಬರುತ್ತಿದ್ದೆವು. ಓರೆ ಮಾಡುತ್ತಿದ್ದೇವೆಂಬುದೂ ತಿಳಿದಿರಲಿಲ್ಲ.

ಎರಡು ಚಮಚ ಎಣ್ಣೆ, ಒಂದು ಸುತ್ತಿಗೆ, ಅರ್ಧ ಗಂಟೆ. ಎರಡೂ ಕದಗಳು ಗೋಡೆಗೆ ತಾಗುವಂತೆ ತೆರೆದುಕೊಂಡವು. ಆ ಮನುಷ್ಯನನ್ನು ಹೊರಗೆ ಕೂರಿಸಿದ್ದು ಬಡತನವೂ ಅಲ್ಲ, ಅನುದಾನದ ಕೊರತೆಯೂ ಅಲ್ಲ. ತುಕ್ಕು ಹಿಡಿದ ಒಂದು ಚಿಲಕ. ನಿಮ್ಮೂರಿನ ಕಚೇರಿ, ಬ್ಯಾಂಕು, ಸಭಾಭವನಗಳಲ್ಲಿಯೂ ಒಮ್ಮೆ ನೋಡಿ. ಎರಡು ಕದದ ಬಾಗಿಲಿನಲ್ಲಿ ಒಂದೇ ಕದ ತೆರೆದಿರುವುದು ಎಷ್ಟು ಕಡೆ ಎಂದು ಲೆಕ್ಕ ಹಾಕಿ.

ಹೊಸ್ತಿಲ ಗಣಿತ

ಅಗಲದ ತೊಡಕು ನೀಗಿತು. ಹೊಸ್ತಿಲು ಉಳಿಯಿತು. ಅದರ ಎತ್ತರ ಮೂರು ಅಂಗುಲ, ಏಳೂವರೆ ಸೆಂಟಿಮೀಟರ್.

ಹಿರಿಯರು ಹೊಸ್ತಿಲನ್ನು ಸುಮ್ಮನೆ ಇಟ್ಟದ್ದಲ್ಲ. ನಮ್ಮ ಮಳೆಯಲ್ಲಿ ಜಗುಲಿಯ ಎರಚಲು ನೀರು ಒಳಗೆ ಹರಿಯದಂತೆ ಅದು ತಡೆಯುತ್ತದೆ. ಹಾವು ಚೇಳು ಬಾಗಿಲ ಕೆಳಗಿಂದ ನುಸುಳದಂತೆ ನೋಡಿಕೊಳ್ಳುತ್ತದೆ. ಚೌಕಟ್ಟಿನ ಎರಡು ಕಾಲುಗಳನ್ನು ಹಿಡಿದಿಟ್ಟು ಅವು ಸೊಟ್ಟಗಾಗದಂತೆ ಕಾಯುತ್ತದೆ. ಆದರೆ ಚಕ್ರಕ್ಕೆ ಅದೊಂದು ಗೋಡೆ. ಏಕೆ?

ಸಾಮಾನ್ಯ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರದ ವ್ಯಾಸ ಸುಮಾರು 20 ಸೆಂಟಿಮೀಟರ್, ಅಂದರೆ ತ್ರಿಜ್ಯ 10. ತ್ರಿಜ್ಯದಷ್ಟೇ ಎತ್ತರದ ಮೆಟ್ಟಿಲು ಎದುರಾದರೆ ಎಷ್ಟು ತಳ್ಳಿದರೂ ಆ ಚಕ್ರ ಏರದು. ತಳ್ಳುವ ಬಲವೆಲ್ಲ ಮೆಟ್ಟಿಲಿಗೇ ಹೋಗಿ ಬಡಿಯುತ್ತದೆ. ಅದಕ್ಕಿಂತ ಕಡಿಮೆ ಎತ್ತರವಾದರೆ ಭ್ರಾಮಕದ ಲೆಕ್ಕ ಹಾಕಬಹುದು. ಮೂರು ಅಂಗುಲದ ಹೊಸ್ತಿಲನ್ನು ಚಿಕ್ಕ ಚಕ್ರ ಏರಬೇಕಾದರೆ ಅದರ ಮೇಲಿರುವ ಭಾರದ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಲದಿಂದ ಮುಂದಕ್ಕೆ ತಳ್ಳಬೇಕು. ಅದೇ ಹೊಸ್ತಿಲು 12 ಮಿಲಿಮೀಟರ್ ಆಗಿದ್ದರೆ ಭಾರದ ಅರ್ಧದಷ್ಟು ಬಲ ಸಾಕು. ಮಾರ್ಗಸೂಚಿ ಹೊಸ್ತಿಲಿಗೆ ಕೊಡುವ ಮಿತಿ ಈ 12 ಮಿಲಿಮೀಟರೇ. ಅದರ ಅಂಚನ್ನೂ ಓರೆಯಾಗಿ ಕೆತ್ತಿರಬೇಕು.

ಹಿಂದಿನ ದೊಡ್ಡ ಚಕ್ರದ ತ್ರಿಜ್ಯ ಸುಮಾರು 30 ಸೆಂಟಿಮೀಟರ್. ಅದೇ ಮೂರು ಅಂಗುಲ ಏರಲು ಅದಕ್ಕೆ ತನ್ನ ಮೇಲಿನ ಭಾರಕ್ಕಿಂತ ತುಸು ಕಡಿಮೆ ಬಲ ಸಾಕು. ಆದ್ದರಿಂದಲೇ ಗಾಲಿಕುರ್ಚಿಯನ್ನು ಮೆಟ್ಟಿಲು ಹತ್ತಿಸುವಾಗ ತಿಳಿದವರು ಅದನ್ನು ಹಿಂದು ಮುಂದಾಗಿ ತಿರುಗಿಸಿ, ದೊಡ್ಡ ಚಕ್ರ ಮೊದಲು ಏರುವಂತೆ ಎಳೆಯುತ್ತಾರೆ. ಗಣಿತ ಬಲ್ಲ ಹತ್ತನೆಯವರು ಪೈಥಾಗೊರಸನ ಪ್ರಮೇಯ ಬಳಸಿ ಈ ಲೆಕ್ಕವನ್ನು ತಾವೇ ಬಿಡಿಸಬಹುದು.

ಹೊಸ್ತಿಲಿಗೆ ಓರೆ ಹಲಗೆ ಮಾಡಿಸಿದೆವು. ಮೊದಲ ಸಲ ನನ್ನದೇ ತಪ್ಪು. ಕೈಗೆ ಸಿಕ್ಕಿದ ಒಂದು ಅಡಿ ಉದ್ದದ ಹಲಗೆಯನ್ನೇ ಇಡಿಸಿದೆ. ಖಾಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ ತಳ್ಳಿದಾಗ ಮುಂಭಾಗ ಮೇಲೆದ್ದು ಅವನು ಹಿಂದಕ್ಕೆ ಮಗುಚುವುದರಲ್ಲಿದ್ದ. ಹಿಂದೆ ನಿಂತವರು ಹಿಡಿದುಕೊಂಡದ್ದರಿಂದ ಬಚಾವು. ಜಗತ್ತಿನ ಹೆಚ್ಚಿನ ಕಡೆ ಒಪ್ಪಿರುವ ಇಳಿಜಾರು 1ಕ್ಕೆ 12. ಒಂದು ಅಂಗುಲ ಏರಲು ಒಂದು ಅಡಿ ಉದ್ದ. ಮೂರು ಅಂಗುಲಕ್ಕೆ ಮೂರು ಅಡಿ. ನಾಲ್ಕನೆಯ ತರಗತಿಯ ಗುಣಾಕಾರ. ಅದನ್ನು ಮಾಡದೆ ಹಲಗೆ ಕೊಯ್ಯಿಸಿದ್ದೆ. ಎರಡನೆಯ ಹಲಗೆಯನ್ನು ಬಡಗಿ ಮೂರು ಅಡಿಯದೇ ಮಾಡಿದ. ಜಾರದಂತೆ ಅದರ ಮೇಲೆ ಅಡ್ಡಗೆರೆ ಕೊರೆದ. ಕೋಣೆಯ ಒಳಭಾಗಕ್ಕೂ ಅಂಥದೇ ಒಂದು ಹಲಗೆ ಬೇಕಾಯಿತು. ಏರಿದವರು ಇಳಿಯಲೂ ಬೇಕಲ್ಲ!

ಮಳೆಗಾಲದಲ್ಲಿ ಉಬ್ಬುವ ಕದ

ಇಷ್ಟಕ್ಕೆ ನಿಲ್ಲಿಸದೆ ಮಕ್ಕಳು ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನು ಹೊರಗೆ ತಂದರು. ಅದರ ಕೊಕ್ಕೆಯನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ನಿಧಾನವಾಗಿ ಎಳೆದರೆ ಕದ ತೆರೆಯಲು ಬೇಕಾದ ಬಲ ತಿಳಿಯುತ್ತದೆ. ಅಮೆರಿಕದ ನಿಯಮದಂತೆ ಸಾರ್ವಜನಿಕ ಕಟ್ಟಡದ ಒಳಬಾಗಿಲನ್ನು ತೆರೆಯಲು ಸುಮಾರು 22 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು. ಅಂದರೆ ಎರಡೂಕಾಲು ಕಿಲೋ ಅಕ್ಕಿಯ ಚೀಲ ಎತ್ತುವಷ್ಟು. ಬೆಂಕಿ ತಡೆಯುವ ಬಾಗಿಲುಗಳಿಗೆ ಮಾತ್ರ ಈ ಮಿತಿ ಇಲ್ಲ.

ನಮ್ಮ ಗ್ರಂಥಾಲಯದ ಕದ ಫೆಬ್ರವರಿಯಲ್ಲಿ ಸುಲಭವಾಗಿ ಪಾಸಾಯಿತು. ಜುಲೈನಲ್ಲಿ ಅದೇ ಕದಕ್ಕೆ ತಕ್ಕಡಿಯ ಮುಳ್ಳು ಕೊನೆಯ ಗೆರೆ ಮುಟ್ಟಿದರೂ ಅದು ಅಲುಗಲಿಲ್ಲ. ಮಲೆನಾಡಿನವರಿಗೆಲ್ಲ ಗೊತ್ತಿರುವ ಸಂಗತಿ: ಮಳೆಗಾಲದಲ್ಲಿ ಕದ ಹಿಡಿಯುತ್ತದೆ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಎಳೆಯ ಉದ್ದಕ್ಕೆ ಅದು ಬಹಳ ಕಡಿಮೆ, ಎಳೆಗೆ ಅಡ್ಡಲಾಗಿ ಹೆಚ್ಚು. ಕದದ ಹಲಗೆಗಳನ್ನು ಉದ್ದುದ್ದ ಜೋಡಿಸಿರುವುದರಿಂದ ಕದ ಅಗಲದಲ್ಲಿ ಬೆಳೆಯುತ್ತದೆ, ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಗಟ್ಟಿಮುಟ್ಟಾದವರು ಭುಜ ಕೊಟ್ಟು ತಳ್ಳುತ್ತಾರೆ, ಇಲ್ಲವೇ ಕಾಲಿನಿಂದ ಒದೆಯುತ್ತಾರೆ. ಊರುಗೋಲಿನವರು ಏನು ಮಾಡಬೇಕು? ಎರಡು ಕೈಯೂ ಕೋಲಿಗೆ ಮೀಸಲು. ಜೋರಾಗಿ ತಳ್ಳಿದ ಕದ ಥಟ್ಟನೆ ತೆರೆದರೆ ಕೋಲು ಜಾರಿ ಮುಗ್ಗರಿಸುತ್ತಾರೆ.

ಪರಿಹಾರ ಬಡಗಿಗೆ ಗೊತ್ತು. ಕದ ಕಚ್ಚುವ ಅಂಚನ್ನು ಗುರುತಿಸಿ ತುಸು ಹತರಿ ಹೊಡೆದು, ಅಲ್ಲಿಗೂ ಕೆಳಗಿನ ಅಂಚಿಗೂ ಬಣ್ಣ ಬಳಿಯುವುದು. ಬಣ್ಣ ಕಾಣದಿರುವ ಕೆಳಅಂಚಿನಿಂದಲೂ ಮರ ನೀರು ಕುಡಿಯುತ್ತದೆ. ತುರ್ತಿಗೆ ಮೇಣದ ಬತ್ತಿ ಉಜ್ಜಿದರೂ ಕದ ಸಡಿಲಾಗುತ್ತದೆ.

ಗುಂಡು ಹಿಡಿಕೆಯೂ ಆರಡಿಯ ಚಿಲಕವೂ

ಹಿಡಿಕೆಯ ಕಥೆಯೂ ಭ್ರಾಮಕದ್ದೇ. ಗುಂಡನೆಯ ಹಿಡಿಕೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ತಿರುಚಬೇಕು. ಅದರ ತ್ರಿಜ್ಯ ಎರಡೂವರೆ ಸೆಂಟಿಮೀಟರ್. ಹತ್ತು ಸೆಂಟಿಮೀಟರ್ ಉದ್ದದ ಅಡ್ಡ ಹಿಡಿಕೆಗೆ ಕಾಲುಭಾಗ ಬಲ ಸಾಕು; ಹಿಡಿಯಬೇಕೆಂದೂ ಇಲ್ಲ, ಮೊಣಕೈಯಿಂದ ಒತ್ತಿದರೂ ಆದೀತು. ಸಂಧಿವಾತದ ಅಜ್ಜಿಗೆ, ಬೆರಳುಗಳಿಲ್ಲದವರಿಗೆ, ಎರಡು ಕೈಯಲ್ಲೂ ಬಿಂದಿಗೆ ಹಿಡಿದವರಿಗೆ, ಎಲ್ಲರಿಗೂ ಅದು ಹಿತ.

ಚಿಲಕವನ್ನು ಬಾಗಿಲ ನೆತ್ತಿಯಲ್ಲಿ ಹಾಕುವುದು ನಮ್ಮ ರೂಢಿ. ಕುಳಿತವರ ಕೈ ಅಲ್ಲಿಗೆ ನಿಲುಕದು. ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿ ಇನ್ನೊಂದು ಚಿಲಕ ಇಟ್ಟರೆ ಮುಗಿಯಿತು. ಶೌಚಾಲಯದ ಬಾಗಿಲಿಗೆ ಇನ್ನೊಂದು ಮಾತು: ಅದು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಕದಕ್ಕೆ ಅವರ ದೇಹವೇ ಅಡ್ಡವಾಗುತ್ತದೆ, ಸಹಾಯಕ್ಕೆ ಬಂದವರೂ ಹೊರಗೇ ನಿಲ್ಲಬೇಕಾಗುತ್ತದೆ.

ಕಣ್ಣು ಕಾಣದವರಿಗೆ ಅರ್ಧ ತೆರೆದ ಬಾಗಿಲು ಬಲು ಅಪಾಯಕಾರಿ. ಅವರ ಬಿಳಿಕೋಲು ಕದದ ಎರಡೂ ಕಡೆ ಖಾಲಿ ಜಾಗವನ್ನೇ ಮುಟ್ಟಿ, ಕದದ ಅಂಚು ನೇರ ಹಣೆಗೆ ಬಡಿಯಬಹುದು. ಬಾಗಿಲು ಪೂರ್ತಿ ತೆರೆದಿರಲಿ ಇಲ್ಲವೇ ಮುಚ್ಚಿರಲಿ. ಮಂದದೃಷ್ಟಿಯವರಿಗಾಗಿ ಚೌಕಟ್ಟಿಗೆ ಗೋಡೆಗಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣ ಇರಲಿ. ಗಾಜಿನ ಬಾಗಿಲಿಗೆ ಕಣ್ಣಿನ ಎತ್ತರದಲ್ಲಿ ಪಟ್ಟಿ ಇರಲಿ. ಕಿವಿ ಕೇಳದವರ ಮನೆಗೆ ಕರೆಗಂಟೆಯ ಜೊತೆ ಒಂದು ದೀಪ ಹೊತ್ತುವಂತೆ ಮಾಡಿದರೆ ಅವರಿಗೂ ಬಾಗಿಲಿಗೆ ಬಂದವರು ತಿಳಿಯುತ್ತಾರೆ.

ಅಲೆಕ್ಸಾಂಡ್ರಿಯಾದಿಂದ ಅಮೆರಿಕಕ್ಕೆ

ತಾನಾಗಿ ತೆರೆಯುವ ಬಾಗಿಲು ಇಂದಿನ ಕಲ್ಪನೆಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಹೀರೋ ಎಂಬ ವಿಜ್ಞಾನಿ ಅಂಥದೊಂದನ್ನು ವಿವರಿಸಿದ್ದಾನೆ. ಗುಡಿಯ ಮುಂದಿನ ವೇದಿಕೆಯಲ್ಲಿ ಬೆಂಕಿ ಹೊತ್ತಿಸಿದರೆ ಕೆಳಗಿನ ಪಾತ್ರೆಯ ಗಾಳಿ ಕಾದು ಹಿಗ್ಗಿ ನೀರನ್ನು ಬಕೆಟ್ಟಿಗೆ ನೂಕುತ್ತದೆ. ತೂಕ ಹೆಚ್ಚಿದ ಬಕೆಟ್ಟು ಕೆಳಗಿಳಿದು ಹಗ್ಗದಿಂದ ಬಾಗಿಲನ್ನು ತೆರೆಯುತ್ತದೆ. ಅದು ಭಕ್ತರನ್ನು ಬೆರಗುಗೊಳಿಸುವ ಉಪಾಯ. ಅಂಗವಿಕಲರ ದಾರಿ ಸುಗಮವಾಗಬೇಕೆಂಬ ಯೋಚನೆ ಲಿಖಿತ ಮಾನದಂಡವಾಗಲು ತೀರ ಇತ್ತೀಚಿನವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಅಂಥ ಮಾನದಂಡ ಮೊದಲು ಬಂದದ್ದು 1961ರಲ್ಲಿ.

ಆ ದೇಶದ ರಾನ್ ಮೇಸ್ ಎಂಬವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿತು. ವಾಸ್ತುಶಿಲ್ಪ ಓದುವಾಗ ಅವರನ್ನು ಮೆಟ್ಟಿಲುಗಳ ಮೇಲೆ ಹೊತ್ತು ಹತ್ತಿಸಿ ಇಳಿಸಬೇಕಾಗಿತ್ತು. ಅದೇ ಮನುಷ್ಯ ಮುಂದೆ ವಾಸ್ತುಶಿಲ್ಪಿಯಾಗಿ, ಅಂಗವಿಕಲರಿಗೆಂದು ಬೇರೆ ಬಾಗಿಲು ಬೇಡ, ಎಲ್ಲರಿಗೂ ಒಗ್ಗುವ ಒಂದೇ ಬಾಗಿಲು ಇರಲಿ ಎಂಬ ಸಾರ್ವತ್ರಿಕ ವಿನ್ಯಾಸದ ತತ್ತ್ವವನ್ನು ಪ್ರಚಾರ ಮಾಡಿದರು.

ನಮ್ಮ ದೇಶದ ಮೊದಲ ಸಮಗ್ರ ಕಾಯ್ದೆ 1995ರದು. ಅದರ ಬದಲಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂತು. ಅಂಗವೈಕಲ್ಯದ ಬಗೆಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಶಾಲೆಯ ಕಟ್ಟಡ, ಆವರಣ ಎಲ್ಲ ಮಕ್ಕಳಿಗೂ ಸುಗಮವಾಗಿರಬೇಕೆಂದು ಅದು ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಪ್ರಕಟವಾದಂದಿನಿಂದ ಐದು ವರ್ಷ ಕೊಟ್ಟಿತ್ತು. ನಿಯಮಗಳು 2017ರಲ್ಲಿ ಬಂದವು, ಐದು ವರ್ಷ 2022ಕ್ಕೇ ಕಳೆಯಿತು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು, ಸುಗಮತೆಯ ಮಾನದಂಡಗಳು ಬರೀ ಶಿಫಾರಸು ಆಗಿದ್ದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ಹೇಳಿತು. 2011ರ ಜನಗಣತಿಯಲ್ಲಿ ಕರ್ನಾಟಕವೊಂದರಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರು ದಾಖಲಾಗಿದ್ದಾರೆ. ಅವರೆಲ್ಲ ಯಾವುದೋ ಒಂದು ಬಾಗಿಲಿನ ಎದುರು ದಿನವೂ ನಿಲ್ಲುವವರೇ.

ನಮ್ಮ ಮನೆಯ ಹೊಸ್ತಿಲು

ಶಾಲೆಗೆ ಹೇಳಿದ ಪಾಠ ಮನೆಗೂ ಬಂತು. ನನ್ನ ಆಯಿಗೆ ಎಂಬತ್ತು ದಾಟಿದೆ, ನಾಲ್ಕು ಕಾಲಿನ ವಾಕರ್ ಹಿಡಿದು ನಡೆಯುತ್ತಾಳೆ. ಹೊಸ್ತಿಲ ಮುಂದೆ ಬಂದಾಗಲೆಲ್ಲ ವಾಕರನ್ನು ಎತ್ತಿ ಆಚೆ ಇಡಬೇಕು. ಆ ಗಳಿಗೆಯಲ್ಲಿ ಅವಳಿಗೆ ಆಸರೆಯೇ ಇಲ್ಲ. ಹೊಸ್ತಿಲನ್ನು ಕಡಿಸಿಬಿಡುತ್ತೇನೆಂದೆ. “ಹೊಸ್ತಿಲು ಮುಟ್ಟದು ಬ್ಯಾಡ ತಮಾ” ಎಂದಳು. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಅವಳು ಅರಿಶಿನ ಕುಂಕುಮ ಇಟ್ಟ ಹೊಸ್ತಿಲು ಅದು. ವಾದ ಮಾಡಲಿಲ್ಲ. ಎರಡೂ ಬದಿಗೆ ಓರೆ ಹಲಗೆ ಹೊಂದಿಸಿ, ಚೌಕಟ್ಟಿಗೆ ಒಂದು ಉದ್ದ ಹಿಡಿಕೆ ಹಾಕಿಸಿದೆ. ಹೊಸ್ತಿಲಿನ ಮೇಲ್ಮೈ ಹಾಗೆಯೇ ಉಳಿಯಿತು. ರಂಗೋಲಿಯೂ ಉಳಿಯಿತು, ಆಯಿಯ ಓಡಾಟವೂ ಉಳಿಯಿತು.

ನೀವೇ ಅಳೆದು ನೋಡಿ

ವಿದ್ಯಾರ್ಥಿಗಳೇ, ಒಂದು ಟೇಪು, ಒಂದು ಸ್ಪ್ರಿಂಗ್ ತಕ್ಕಡಿ, ಒಂದು ನೋಟುಪುಸ್ತಕ ಸಾಕು. ಶಾಲೆಯ ಪ್ರತಿ ಬಾಗಿಲಿಗೂ ಐದು ಪ್ರಶ್ನೆ ಕೇಳಿ. ತೆರಪು 90 ಸೆಂಟಿಮೀಟರ್ ಇದೆಯೇ? ಹೊಸ್ತಿಲು ಎಷ್ಟು ಎತ್ತರ? ತೆರೆಯಲು ಎಷ್ಟು ಬಲ ಬೇಕು, ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು? ಹಿಡಿಕೆ, ಚಿಲಕ ಕುಳಿತವರ ಕೈಗೆ ಸಿಗುತ್ತವೆಯೇ? ಬಾಗಿಲ ಮುಂದೆ ಕುರ್ಚಿ ತಿರುಗಲು ಐದು ಅಡಿ ಸಮತಟ್ಟು ಜಾಗ ಇದೆಯೇ? ಉತ್ತರಗಳನ್ನು ಪಟ್ಟಿ ಮಾಡಿ ಮುಖ್ಯಾಧ್ಯಾಪಕರಿಗೆ ಕೊಡಿ. ಪಾಲಕರೇ, ಆ ಪಟ್ಟಿಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿಸಿ. ಅದರಲ್ಲಿ ಅರ್ಧದಷ್ಟು ಕೆಲಸ ಎಣ್ಣೆ, ಹತರಿ, ಹಲಗೆಯಲ್ಲೇ ಮುಗಿದೀತು. ಎಲ್ಲವೂ ಹಾಗೆ ಮುಗಿಯುತ್ತದೆಂದು ಹೇಳಲಾರೆ. ನಮ್ಮ ಶಾಲೆಯ ಶೌಚಾಲಯದ ಬಾಗಿಲು ಎರಡೂಕಾಲು ಅಡಿಯದು. ಅದಕ್ಕೆ ಗೋಡೆ ಒಡೆಯಬೇಕಿತ್ತು, ಠರಾವು ಆಗಿ ಹಣ ಬಂದು ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತು. ಆದರೆ ಪಟ್ಟಿ ಇಲ್ಲದಿದ್ದರೆ ಆ ಠರಾವೂ ಆಗುತ್ತಿರಲಿಲ್ಲ.

ಮುಂದಿನ ಪಾಲಕರ ಸಭೆಗೆ ಆ ಕೊನೆಗೌಡರು ಮತ್ತೆ ಬಂದರು. ಎರಡೂ ಕದ ತೆರೆದಿದ್ದವು. ತಾವೇ ಚಕ್ರ ತಿರುಗಿಸಿಕೊಂಡು ಹಲಗೆ ಏರಿ ಇಳಿದು, ಒಳಗೆ ಕಿಟಕಿಯ ಪಕ್ಕ ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಭಾಷಣ ಮಾಡಲಿಲ್ಲ. ಹಾಗೆಯೇ ಆಗಬೇಕಿತ್ತು. ಸಭೆಯ ಕೊನೆಗೆ ಅವರು ಕೈಯೆತ್ತಿ ಒಂದೇ ಒಂದು ಪ್ರಶ್ನೆ ಕೇಳಿದರು.

“ಗಣಿತದಲ್ಲಿ ನನ್ನ ಮಗಳಿಗೆ ಅಂಕ ಯಾಕೆ ಕಡಿಮೆ ಬಂತು, ಮಾಸ್ತರೆ?”

ಹಿಂದಿನ ಸಭೆಯಲ್ಲೂ ಅವರಿಗೆ ಅದನ್ನೇ ಕೇಳಬೇಕಿತ್ತಂತೆ.